ತೀರ್ಥಹಳ್ಳಿಯ ನಾಲ್ಕೂ ಕಂಪ್ಯೂಟರಿಗೆ ಒಂದೇ ಹೆಸರು ಯಾಕೆ ಬರುತ್ತದೆ?

ಪ್ರಶ್ನೆ: ಶಿವಮೊಗ್ಗದ ಒಂದು ಅಡಿಕೆ ಮಾರಾಟ ಸಂಘಕ್ಕೆ ಎಎಸ್‌ಪಿ ಡಾಟ್ ನೆಟ್‌ನಲ್ಲಿ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ಸರ್ವರ್ ಇಲ್ಲಿನ ಮುಖ್ಯ ಕಚೇರಿಯಲ್ಲಿದೆ. ಸಾಗರ, ತೀರ್ಥಹಳ್ಳಿ, ಹೊಸನಗರದ ಶಾಖೆಗಳು ಇಂಟರ್ನೆಟ್ ಮೂಲಕ ಬಳಸುತ್ತವೆ. ತೂಕದ ಎಂಟ್ರಿ ಯಾವ ಕಂಪ್ಯೂಟರಿನಿಂದ ಆಯಿತೆಂದು ಅದರ ಹೆಸರು ಸಮೇತ ದಾಖಲಾಗಬೇಕು, ತೂಕದ ಚೀಟಿಯ ಮೇಲೂ ಬರಬೇಕು ಎಂದು ಕಾರ್ಯದರ್ಶಿಗಳು ಪಟ್ಟು ಹಿಡಿದಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಬಂತು. ಸರ್ವರಿಗೆ ಹಾಕಿದ ಮೇಲೆ ಎಲ್ಲ ಎಂಟ್ರಿಗೂ ಸರ್ವರಿನ ಹೆಸರೇ ಬರತೊಡಗಿತು. ಕೋಡ್ ಬದಲಿಸಿದೆ, ಬರೀ ಐಪಿ (ನೆಟ್‌ವರ್ಕಿನಲ್ಲಿ ಯಂತ್ರದ ಅಂಕಿಯ ವಿಳಾಸ) ಬಂತು. ಆ ಐಪಿಯನ್ನು ಡಿಎನ್ಎಸ್ ಎಂಬ ಹೆಸರು-ಐಪಿಗಳ ಪುಸ್ತಕದಲ್ಲಿ ಕೇಳಿದರೆ ಮುಖ್ಯ ಕಚೇರಿಯ ಯಂತ್ರಗಳ ಹೆಸರು ಸಿಗುತ್ತದೆ, ತೀರ್ಥಹಳ್ಳಿಯ ನಾಲ್ಕೂ ಕಂಪ್ಯೂಟರಿಗೆ ಒಂದೇ ಉದ್ದನೆಯ ಹೆಸರು ಬರುತ್ತದೆ, ಹೊಸನಗರದ್ದು ಎರರ್. ದೂರದ ಕ್ಲೈಂಟಿನ (ಶಾಖೆಯ ಕಂಪ್ಯೂಟರಿನ) ಅಸಲಿ ಹೋಸ್ಟ್ ನೇಮ್ ತೆಗೆಯುವ ಸರಿಯಾದ ಕೋಡ್ ಯಾವುದು?

ಉತ್ತರ: ನೀವು ಕೇಳುತ್ತಿರುವ ಆ ಕೋಡ್ ಇಲ್ಲ. ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಅನುಕೂಲ. ನಿಮ್ಮ ಮೊದಲ ಪ್ರಯತ್ನ ಮಾತ್ರ ತಪ್ಪು. ಆಮೇಲೆ ಬಂದ ಬರೀ ಐಪಿ, ತೀರ್ಥಹಳ್ಳಿಯ ಒಂದೇ ಹೆಸರು, ಹೊಸನಗರದ ಎರರ್, ಈ ಮೂರೂ ಸರಿಯಾದ ಉತ್ತರಗಳೇ. ನೀವು ಕೇಳಿದ್ದು ಒಂದು, ಯಂತ್ರಕ್ಕೆ ಕೇಳಿಸಿದ್ದು ಇನ್ನೊಂದು.

ಮೊದಲ ತಪ್ಪನ್ನು ಬೇಗ ಮುಗಿಸೋಣ. ನೀವು ಬರೆದದ್ದು ಬಹುಶಃ ಎನ್ವಿರಾನ್‌ಮೆಂಟ್ ಡಾಟ್ ಮೆಷಿನ್‌ನೇಮ್ ಅಥವಾ ಡಿಎನ್ಎಸ್ ಡಾಟ್ ಗೆಟ್‌ಹೋಸ್ಟ್‌ನೇಮ್. ಎರಡೂ ಹೇಳುವುದು ಆ ಸಾಲು ಯಾವ ಯಂತ್ರದಲ್ಲಿ ಓಡುತ್ತಿದೆಯೋ ಅದರ ಹೆಸರನ್ನು. ವೆಬ್ ಅಪ್ಲಿಕೇಶನ್ನಿನ ಕೋಡ್ ಓಡುವುದು ಸರ್ವರಿನಲ್ಲಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರ್ವರೂ ಅದೇ, ಬ್ರೌಸರೂ ಅದೇ, ಹಾಗಾಗಿ ಸರಿ ಬಂದಂತೆ ಕಂಡಿತು. ಇದರ ತಮ್ಮಂದಿರು ಇನ್ನಿಬ್ಬರಿದ್ದಾರೆ, ಅವರನ್ನೂ ಗುರುತಿಟ್ಟುಕೊಳ್ಳಿ. ಜಾವಾಸ್ಕ್ರಿಪ್ಟಿನ ಲೊಕೇಶನ್ ಡಾಟ್ ಹೋಸ್ಟ್‌ನೇಮ್ ಕೊಡುವುದು ಬ್ರೌಸರ್ ಯಾವ ಸೈಟಿಗೆ ಹೋಗಿದೆಯೋ ಆ ಸೈಟಿನ ಹೆಸರು. ಬ್ರೌಸರ್ ಪ್ರತಿ ಕೋರಿಕೆಯ ತಲೆಗೆ ಕಟ್ಟಿ ಕಳಿಸುವ ಎಚ್‌ಟಿಟಿಪಿ ಹೆಡರುಗಳಲ್ಲಿ ‘ಹೋಸ್ಟ್’ ಅಂತ ಒಂದಿದೆಯಲ್ಲ, ಅದೂ ಬಂದವರ ಹೆಸರಲ್ಲ, ಬಂದವರು ಯಾರನ್ನು ಹುಡುಕಿಕೊಂಡು ಬಂದರೋ ಅವರ ಹೆಸರು. ಒಂದೇ ಐಪಿಯಲ್ಲಿ ಹತ್ತಾರು ಸೈಟು ನಡೆಸಬೇಕೆಂದು ಬಂದ ಹೆಡರ್ ಅದು.

ಹಾಗಾದರೆ ಬಂದವರ ಬಗ್ಗೆ ಸರ್ವರಿಗೆ ನಿಜವಾಗಿ ಗೊತ್ತಿರುವುದೇನು? ಒಂದು ಐಪಿ ಅಡ್ರೆಸ್, ಒಂದು ಪೋರ್ಟ್ ನಂಬರ್. ಇಷ್ಟೇ. ಬ್ರೌಸರ್ ತನ್ನ ಭಾಷೆ ಹೇಳುತ್ತದೆ, ತನ್ನ ಆವೃತ್ತಿ ಹೇಳುತ್ತದೆ, ಸೈಟು ಹಿಂದೆ ತನ್ನಲ್ಲಿ ಇಟ್ಟುಹೋದ ಕುಕೀ ಎಂಬ ಸಣ್ಣ ಚೀಟಿ ಇದ್ದರೆ ಕೊಡುತ್ತದೆ. ತಾನು ಕೂತಿರುವ ಕಂಪ್ಯೂಟರಿನ ಹೆಸರನ್ನು ಯಾವ ಹೆಡರಿನಲ್ಲೂ ಕಳಿಸುವುದಿಲ್ಲ. ಕಳಿಸಬಾರದು ಕೂಡ, ದಾರಿಹೋಕ ವೆಬ್‌ಸೈಟುಗಳಿಗೆಲ್ಲ ನನ್ನ ಕಂಪ್ಯೂಟರಿನ ಹೆಸರು ಯಾಕೆ ಗೊತ್ತಾಗಬೇಕು?

‘ಆದರೆ ಪುಸ್ತಕದಲ್ಲಿ ರಿಮೋಟ್ ಹೋಸ್ಟ್ ಅಂತ ಒಂದು ವೇರಿಯಬಲ್ ಇದೆಯಲ್ಲ’ ಎಂದು ನೀವು ಕೇಳಬಹುದು. ಇದೆ. ಸಿಜಿಐ ಎಂಬ ಹಳೇ ವೆಬ್ ಪದ್ಧತಿಯ ಕಾಲದಿಂದಲೂ ರಿಮೋಟ್ ಆಡ್ರ್, ರಿಮೋಟ್ ಹೋಸ್ಟ್ ಎಂಬ ಜೋಡಿ ಬಂದಿದೆ. ಮೊದಲನೆಯದು ಐಪಿ, ಯಾವಾಗಲೂ ಇರುತ್ತದೆ. ಎರಡನೆಯದರಲ್ಲಿ ಹೆಸರು ಇದ್ದರೆ ಇರಬಹುದು, ಇಲ್ಲದಿದ್ದರೆ ಸರ್ವರ್ ಅಲ್ಲಿಗೂ ಐಪಿಯನ್ನೇ ತುಂಬಬಹುದು ಎಂದು ಇಂಟರ್ನೆಟ್ಟಿನ ಪದ್ಧತಿಗಳನ್ನು ಬರೆದಿಡುವ ಆರ್‌ಎಫ್‌ಸಿ ಎಂಬ ದಸ್ತಾವೇಜುಗಳ ಪೈಕಿ 2004ರ 3875ನೆಯದರಲ್ಲೇ ಬರೆದಿದೆ. ನಿಮ್ಮ ಎರಡನೆಯ ಪ್ರಯತ್ನ ರಿಕ್ವೆಸ್ಟ್ ಡಾಟ್ ಯೂಸರ್‌ಹೋಸ್ಟ್‌ನೇಮ್ ಇದ್ದಿರಬೇಕು. ಐಐಎಸ್ ಎಂಬ ಮೈಕ್ರೋಸಾಫ್ಟಿನ ವೆಬ್ ಸರ್ವರಿನಲ್ಲಿ ರಿವರ್ಸ್ ಲುಕಪ್ (ಐಪಿಯಿಂದ ಹೆಸರು ಹುಡುಕುವುದು) ಆನ್ ಮಾಡದಿದ್ದರೆ ಅದು ಕೊಡುವುದು ಐಪಿಯನ್ನೇ. ಜಾವಾದ ಗೆಟ್‌ರಿಮೋಟ್‌ಹೋಸ್ಟ್ ಕಥೆಯೂ ಇದೇ: ಈಗಿನ ಟಾಮ್‌ಕ್ಯಾಟ್‌ನಲ್ಲಿ ಲುಕಪ್ ಮೊದಲಿಂದಲೇ ಆಫ್. ಅಪಾಚೆ ಸರ್ವರಿನಲ್ಲಿ 1.3 ಆವೃತ್ತಿಯಿಂದ ಆಫ್. ಪಿಎಚ್‌ಪಿಯಲ್ಲಿ ಗೆಟ್‌ಹೋಸ್ಟ್‌ಬೈಆಡ್ರ್ ಎಂದು ನೀವೇ ಕರೆಯಬೇಕು, ಹೆಸರು ಸಿಗದಿದ್ದರೆ ಕೊಟ್ಟ ಐಪಿಯನ್ನೇ ಅದು ವಾಪಸ್ ಕೊಡುತ್ತದೆ. ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಬಂದವರ ಬಗ್ಗೆ ಸಿಗುವುದು ಕನೆಕ್ಷನ್ ಡಾಟ್ ರಿಮೋಟ್‌ಐಪಿಅಡ್ರೆಸ್, ಜೊತೆಗೆ ರಿಮೋಟ್‌ಪೋರ್ಟ್. ಹೆಸರಿನ ಪ್ರಾಪರ್ಟಿಯೇ ಅಲ್ಲಿಲ್ಲ. ಎಲ್ಲರೂ ಒಬ್ಬರ ಹಿಂದೊಬ್ಬರು ಈ ಬಾಗಿಲು ಮುಚ್ಚಿದ್ದಾರೆ ಅಂದರೆ ಕಾರಣ ಇರಲೇಬೇಕಲ್ಲ?

ಕಾರಣ ತಿಳಿಯಬೇಕಾದರೆ ಐಪಿಯಿಂದ ಹೆಸರು ಸಿಗುವುದು ಹೇಗೆ ಎಂದು ನೋಡಬೇಕು.

ನಮ್ಮ ಕಡೆ ವಿಳಾಸ ಬರೆಯುವ ಕ್ರಮ ಗೊತ್ತಲ್ಲ: ಮೇಲಿನಮನೆ, ಊರು, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ. ಚಿಕ್ಕದರಿಂದ ದೊಡ್ಡದಕ್ಕೆ. ಡೊಮೇನ್ ಹೆಸರೂ ಹಾಗೆಯೇ, ದೊಡ್ಡದು ಬಲತುದಿಯಲ್ಲಿ. ಆದರೆ ಲ್ಯಾಂಡ್‌ಲೈನ್ ನಂಬರ್ ಉಲ್ಟಾ: ಮೊದಲು 08182 ಎಂಬ ಶಿವಮೊಗ್ಗದ ಕೋಡ್, ಆಮೇಲೆ ಮನೆಯ ನಂಬರ್. ಐಪಿ ಅಡ್ರೆಸ್ ಈ ಫೋನ್ ನಂಬರಿನ ಜಾತಿ, ದೊಡ್ಡದು ಎಡಕ್ಕೆ. ಹೆಸರಿನ ಪುಸ್ತಕದಲ್ಲಿ ನಂಬರ್ ಹುಡುಕಬೇಕಾದರೆ ನಂಬರನ್ನು ತಿರುಗಿಸಿ ವಿಳಾಸದ ರೂಪಕ್ಕೆ ತರಬೇಕು. ಹಾಗಾಗಿ 192.168.1.25ರ ಹೆಸರು ಬೇಕಾದರೆ ಡಿಎನ್ಎಸ್‌ನಲ್ಲಿ 25.1.168.192 ಎಂದು ಮಗುಚಿ, ಕೊನೆಗೆ ‘ಇನ್-ಆಡ್ರ್ ಡಾಟ್ ಆರ್ಪಾ’ ಎಂಬ ಬಾಲ ಸೇರಿಸಿ, ಅಲ್ಲಿರುವ ಪಿಟಿಆರ್ ಎಂಬ ದಾಖಲೆಯನ್ನು ಕೇಳುತ್ತಾರೆ. ಪಾಲ್ ಮೋಕಪೆಟ್ರಿಸ್ 1987ರಲ್ಲಿ ಬರೆದ ಆರ್‌ಎಫ್‌ಸಿ 1035ರಲ್ಲಿ ಈ ಪದ್ಧತಿ ಇದೆ, ಇವತ್ತಿಗೂ ಹಾಗೇ ನಡೆದಿದೆ. ಐಪಿವಿ6 ಆದರೆ 32 ಅಂಕಿಗಳನ್ನೂ ಒಂದೊಂದಾಗಿ ಮಗುಚಿ ಚುಕ್ಕೆ ಇಡಬೇಕು; ಬಾಲ ಮಾತ್ರ ಬೇರೆ.

ಇದರಲ್ಲಿ ನೀವು ಹಿಡಿದುಕೊಳ್ಳಬೇಕಾದ್ದು ಒಂದೇ ಸಂಗತಿ. ಆ ಪಿಟಿಆರ್ ದಾಖಲೆ ಬರೆಯುವುದು ಆ ಐಪಿ ಸರಣಿ ಯಾರ ಕೈಯಲ್ಲಿದೆಯೋ ಅವರು. ತೂಕದ ಕೌಂಟರಿನಲ್ಲಿ ಕೂತ ಕಂಪ್ಯೂಟರಿಗೆ ಆ ದಾಖಲೆ ಇರುವುದೇ ಗೊತ್ತಿಲ್ಲ. ನೀವು ‘ನೀನು ಯಾರಪ್ಪ’ ಎಂದು ಕೇಳಿದ್ದು ಎದುರು ನಿಂತವನನ್ನಲ್ಲ, ಅವನು ಬಾಡಿಗೆಗಿರುವ ಮನೆಯ ಮಾಲೀಕನನ್ನು. ಮಾಲೀಕ ತನ್ನ ಪುಸ್ತಕದಲ್ಲಿ ಏನು ಬರೆದಿಟ್ಟಿದ್ದಾನೋ ಅದನ್ನು ಓದಿ ಹೇಳುತ್ತಾನೆ. ಬರೆದೇ ಇಲ್ಲದಿದ್ದರೆ ಇಲ್ಲ ಅನ್ನುತ್ತಾನೆ. ಹಳೇ ಬಾಡಿಗೆದಾರನ ಹೆಸರನ್ನು ಹೊಡೆದುಹಾಕದೆ ಬಿಟ್ಟಿದ್ದರೆ ಆ ಹೆಸರನ್ನೇ ಹೇಳುತ್ತಾನೆ.

ಈಗ ತೀರ್ಥಹಳ್ಳಿಗೆ ಬನ್ನಿ. ಅಲ್ಲಿ ನಾಲ್ಕು ಕಂಪ್ಯೂಟರು, ಒಂದು ರೂಟರ್, ಒಂದು ಇಂಟರ್ನೆಟ್ ಕನೆಕ್ಷನ್. ಒಳಗೆ ನಾಲ್ಕಕ್ಕೂ 192.168ರ ಬೇರೆ ಬೇರೆ ಅಡ್ರೆಸ್ ಇದೆ, ಆದರೆ ಅವು ಮನೆಯೊಳಗಿನ ಅಡ್ರೆಸ್ಸುಗಳು, ರಸ್ತೆಯಲ್ಲಿ ಚಲಾವಣೆಯಿಲ್ಲ. ಹೊರಗೆ ಹೊರಡುವಾಗ ರೂಟರ್ ಎಲ್ಲದಕ್ಕೂ ತನ್ನ ಒಂದೇ ಪಬ್ಲಿಕ್ ಐಪಿ ಅಂಟಿಸಿ ಕಳಿಸುತ್ತದೆ. ಇದೇ ನ್ಯಾಟ್. ಕಾಡಿನೊಳಗೆ ಚೆದುರಿದ ಮನೆಗಳವರೆಲ್ಲ ಬಸ್ ಸ್ಟಾಪಿನ ಅಂಗಡಿಯ ವಿಳಾಸವನ್ನೇ ಕೊಡುತ್ತಿದ್ದರಲ್ಲ, ಅಂಚೆಯವನು ಎಲ್ಲರ ಕಾಗದವನ್ನೂ ಅಂಗಡಿಯಲ್ಲೇ ಕೊಟ್ಟು ಹೋಗುತ್ತಿದ್ದನಲ್ಲ, ಹಾಗೆ. ಶಿವಮೊಗ್ಗದಲ್ಲಿ ಕೂತವನಿಗೆ ಕಾಣುವುದು ಅಂಗಡಿ ಮಾತ್ರ. ಆ ಪಬ್ಲಿಕ್ ಐಪಿಯ ಪಿಟಿಆರ್ ಬರೆಯುವುದು ಇಂಟರ್ನೆಟ್ ಕೊಡುವ ಕಂಪನಿ. ಅವರು ಲಕ್ಷಗಟ್ಟಲೆ ಐಪಿಗೆ ಕೈಯಲ್ಲಿ ಹೆಸರಿಡುತ್ತಾ ಕೂರುವುದಿಲ್ಲ. ಐಪಿಯ ಅಂಕಿಗಳನ್ನೇ ಅಡ್ಡಗೆರೆ ಹಾಕಿ ಜೋಡಿಸಿ ಮುಂದೆ ಕಂಪನಿಯ ಡೊಮೇನ್ ಅಂಟಿಸುತ್ತಾರೆ. ನಿಮಗೆ ಬಂದ ‘ಉದ್ದನೆಯ ಹೆಸರು’ ಅದೇ ಇರಬೇಕು. ಸರಿಯಾಗಿ ನೋಡಿ, ಅದರೊಳಗೆ ಐಪಿಯ ಅಂಕಿಗಳು ಕಾಣುತ್ತವೆ.

ಹೊಸನಗರದಲ್ಲಿ ಸಿಮ್ ಹಾಕಿದ ರೂಟರ್ ಇರಬಹುದು ಎಂಬುದು ನನ್ನ ಊಹೆ; ಕೇಬಲ್ ಬಾರದ ಕಡೆ ನಮ್ಮಲ್ಲಿ ಅದೇ ಗತಿ. ಹಾಗಿದ್ದರೆ ರೂಟರಿಗೇ ಪಬ್ಲಿಕ್ ಐಪಿ ಇರುವುದಿಲ್ಲ. ಮೊಬೈಲ್ ಕಂಪನಿ ತನ್ನ ಕಡೆ ಇನ್ನೊಂದು ದೊಡ್ಡ ನ್ಯಾಟ್ ಇಟ್ಟು ಎಷ್ಟೋ ಗಿರಾಕಿಗಳನ್ನು ಒಂದೇ ಐಪಿಯ ಹಿಂದೆ ನಿಲ್ಲಿಸುತ್ತದೆ. ಅದಕ್ಕೆಂದೇ 100.64ರಿಂದ 100.127ರವರೆಗಿನ ಸರಣಿಯನ್ನು 2012ರಲ್ಲಿ ಬೇರೆಯಾಗಿ ಎತ್ತಿಟ್ಟಿದ್ದಾರೆ. ರೂಟರಿನ ಸ್ಟೇಟಸ್ ಪುಟದಲ್ಲಿ ಈ ಸರಣಿಯ ಐಪಿ ಕಂಡರೆ ನನ್ನ ಊಹೆ ಸರಿ. ಹೀಗೆ ಎಲ್ಲರೂ ಹಂಚಿಕೊಂಡ ಹೊರಗಿನ ಐಪಿಗೆ ಪಿಟಿಆರ್ ಇಲ್ಲದಿರುವುದು ಮಾಮೂಲು. ಆಗ ಡಾಟ್ ನೆಟ್‌ನ ಗೆಟ್‌ಹೋಸ್ಟ್‌ಎಂಟ್ರಿ ಸಾಕೆಟ್ ಎಕ್ಸೆಪ್ಶನ್ ಎಸೆಯುತ್ತದೆ. ಹೆಸರಿಲ್ಲದಿರುವುದು ತಪ್ಪಲ್ಲ, ದಿನನಿತ್ಯದ ಸ್ಥಿತಿ. ನಿಮ್ಮ ಕೋಡ್ ಅದನ್ನು ಎರರ್ ಎಂದು ತೋರಿಸಿ ಎಂಟ್ರಿ ನಿಲ್ಲಿಸಬಾರದು.

ಮುಖ್ಯ ಕಚೇರಿಯಲ್ಲಿ ಮಾತ್ರ ಸರಿಯಾದ ಹೆಸರು ಬಂತಲ್ಲ, ಅದು ಹೇಗೆ? ಅಲ್ಲಿ ಮನೆಯೂ ನಿಮ್ಮದೇ, ಪುಸ್ತಕವೂ ನಿಮ್ಮದೇ. ಸರ್ವರೂ ಕ್ಲೈಂಟೂ ಒಂದೇ ಲ್ಯಾನ್‌ನಲ್ಲಿವೆ (ಕಚೇರಿಯೊಳಗಿನ ನೆಟ್‌ವರ್ಕ್), ನಡುವೆ ನ್ಯಾಟ್ ಇಲ್ಲ, ಒಳಗಿನ ಡಿಎನ್ಎಸ್ ಸರ್ವರಿಗೆ ವಿಂಡೋಸ್ ಯಂತ್ರಗಳು ತಮ್ಮ ಹೆಸರನ್ನು ತಾವೇ ನೋಂದಾಯಿಸುತ್ತವೆ. ಒಳಗೆ ಡಿಎನ್ಎಸ್ ಇಲ್ಲದಿದ್ದರೂ ಕೆಲವೊಮ್ಮೆ ಹೆಸರು ಬರುವುದುಂಟು. ವಿಂಡೋಸ್ ಡಿಎನ್ಎಸ್‌ನಲ್ಲಿ ಸೋತರೆ ಯುಡಿಪಿ 137ನೇ ಪೋರ್ಟಿನಲ್ಲಿ ನೆಟ್‌ಬಯಾಸ್ ಎಂಬ ವಿಂಡೋಸಿನ ಹಳೇ ಹೆಸರು-ಪದ್ಧತಿಯ ಮೂಲಕ ನೇರ ಆ ಐಪಿಯನ್ನೇ ವಿಚಾರಿಸಿಬಿಡುತ್ತದೆ. ಲ್ಯಾನ್‌ನಲ್ಲಿ ಇದು ಸಹಾಯ. ಇಂಟರ್ನೆಟ್ಟಿನಿಂದ ಬಂದ ಐಪಿಗೂ ಹೀಗೆ ವಿಚಾರಿಸಲು ಹೋದರೆ ಉತ್ತರ ಬರುವುದಿಲ್ಲ, ಕಾದದ್ದೇ ಬಂತು.

ಕಾಯುವ ವಿಷಯ ಬಂತಲ್ಲ, ನಾನು ಪೆಟ್ಟು ತಿಂದದ್ದನ್ನು ಹೇಳುತ್ತೇನೆ. ವರ್ಷಗಳ ಹಿಂದೆ ಸಾಗರದ ಕಡೆಯ ಒಂದು ಗೋದಾಮಿಗೆ ಲಿನಕ್ಸ್ ಸರ್ವರಿನ ಮೇಲೆ ಪಿಎಚ್‌ಪಿಯಲ್ಲಿ ಮಾಡಿಕೊಟ್ಟಿದ್ದೆ. ಪ್ರತಿ ಪುಟಕ್ಕೂ ಗೆಟ್‌ಹೋಸ್ಟ್‌ಬೈಆಡ್ರ್ ಕರೆದು ಲಾಗ್ ಬರೆಯುತ್ತಿದ್ದೆ. ಆರು ತಿಂಗಳು ಒಂದು ಮಾತು ಬರಲಿಲ್ಲ. ಜುಲೈ ಮಳೆಯಲ್ಲಿ ಒಂದು ದಿನ ಮರ ಬಿದ್ದು ಹೊರಗಿನ ಲೈನ್ ಹೋಯಿತು. ಒಳಗಿನ ಲ್ಯಾನ್ ಸರಿಯಾಗಿತ್ತು, ಸರ್ವರ್ ಸರಿಯಾಗಿತ್ತು, ಯುಪಿಎಸ್ ಕೂಡ ಸರಿಯಾಗಿತ್ತು. ಆದರೂ ಒಂದೊಂದು ಪುಟ ತೆರೆಯಲು ಇಪ್ಪತ್ತು ಸೆಕೆಂಡ್. ಹೆಸರು ಹುಡುಕುವ ಲಿನಕ್ಸ್ ರಿಸಾಲ್ವರ್ ಒಂದು ಡಿಎನ್ಎಸ್ ಸರ್ವರಿಗೆ 5 ಸೆಕೆಂಡ್ ಕಾಯುತ್ತದೆ, ಎರಡು ಸುತ್ತು ಪ್ರಯತ್ನಿಸುತ್ತದೆ. ನಾನು ಹೊರಗಿನ ಎರಡು ಡಿಎನ್ಎಸ್ ಸರ್ವರ್ ಬರೆದಿಟ್ಟಿದ್ದೆ. ಲೆಕ್ಕ ಹಾಕಿ. ಪಿಕಪ್ ಗಾಡಿಗಳಲ್ಲಿ ಟಾರ್ಪಾಲಿನ ಕೆಳಗೆ ರಾಶಿ ಅಡಿಕೆಯ ಚೀಲ ಇಟ್ಟುಕೊಂಡು ಜನ ನಿಂತಿದ್ದಾರೆ, ಕೌಂಟರಿನ ಹುಡುಗ ಒಂದು ಚೀಲಕ್ಕೆ ಮೂರು ಪುಟ ದಾಟಬೇಕು, ಪುಟಕ್ಕೆ ಇಪ್ಪತ್ತು ಸೆಕೆಂಡ್. ಕೊನೆಗೆ ಅವರು ಕಂಪ್ಯೂಟರ್ ಮುಚ್ಚಿ ಕೈಬರಹದ ಚೀಟಿಗೆ ಇಳಿದರು. ನನಗೆ ಫೋನು ಬಂದದ್ದು ಸಂಜೆ. ಹೆಸರು ಯಾರಿಗೂ ಬೇಕಾಗಿರಲಿಲ್ಲ, ಲಾಗಿನಲ್ಲಿ ಚೆನ್ನಾಗಿ ಕಾಣಲಿ ಎಂದು ನಾನೇ ಹಾಕಿದ್ದು. ಅಪಾಚೆಯವರು ಆ ಸ್ವಿಚ್ಚನ್ನು ಆಫ್ ಮಾಡಿಟ್ಟದ್ದು ಯಾಕೆಂದು ಆವತ್ತು ತಲೆಗೆ ಹೋಯಿತು.

ಹಾಗಾಗಿ ಲುಕಪ್ ಮಾಡಲೇಬೇಕು ಎಂದರೆ ಎಂಟ್ರಿ ಸೇವ್ ಆಗುವ ದಾರಿಯಲ್ಲಿ ಮಾಡಬೇಡಿ. ಲಾಗಿನ್ ಆದಾಗ ಒಮ್ಮೆ, ಬೇರೆ ಥ್ರೆಡ್ಡಿನಲ್ಲಿ, ಒಂದು ಸೆಕೆಂಡಿನ ಮಿತಿ ಹಾಕಿ ಮಾಡಿ, ಸಿಕ್ಕಿದ್ದನ್ನು ಸೆಶನ್ನಿನಲ್ಲಿಟ್ಟುಕೊಳ್ಳಿ. ಐಪಿಯನ್ನು ಮಾತ್ರ ಬರೆದಿಟ್ಟು ರಾತ್ರಿ ಒಟ್ಟಿಗೆ ಹೆಸರು ಹುಡುಕುವ ಪದ್ಧತಿಯೂ ಇದೆ, ಅಪಾಚೆಯ ಜೊತೆ ಅದಕ್ಕೆಂದೇ ಲಾಗ್‌ರಿಸಾಲ್ವ್ ಎಂಬ ಪ್ರೋಗ್ರಾಂ ಬರುತ್ತದೆ. ಆದರೆ ಅದು ಹೇಳುವುದು ಆ ಐಪಿಗೆ ರಾತ್ರಿ ಇರುವ ಹೆಸರನ್ನು, ಬೆಳಗ್ಗೆ ಇದ್ದದ್ದನ್ನಲ್ಲ. ಯಂತ್ರಗಳಿಗೆ ಐಪಿಯನ್ನು ತಾನಾಗಿ ಹಂಚುವ ಡಿಎಚ್‌ಸಿಪಿ ಇರುವ ಕಚೇರಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಎಷ್ಟು ಸಣ್ಣದಲ್ಲ ಎಂಬುದಕ್ಕೆ ಇನ್ನೊಂದು ಪ್ರಸಂಗ. ಇದು ಮುಖ್ಯ ಕಚೇರಿಯಲ್ಲಿ ‘ಸರಿಯಾಗಿ ಬರುತ್ತಿದೆ’ ಎಂದು ನೀವು ಬರೆದದ್ದಕ್ಕೆ ನೇರ ಸಂಬಂಧಪಟ್ಟದ್ದು, ಸ್ವಲ್ಪ ನಿಧಾನವಾಗಿ ಓದಿ. ಒಂದು ವ್ಯಾಪಾರದ ಕಚೇರಿ, ಭದ್ರಾವತಿ ರಸ್ತೆಯಲ್ಲಿ. ಬೆಟ್ಟೆ ಅಡಿಕೆಯ ಒಂದು ಚೀಲ 46.200 ಕಿಲೋ ಇದ್ದದ್ದು 64.200 ಎಂದು ಎಂಟ್ರಿಯಾಗಿತ್ತು. ಅಂಕಿ ತಿರುಮುರುವು, ಯಾರಿಗಾದರೂ ಆಗುವಂಥದ್ದು. ಆದರೆ ಹದಿನೆಂಟು ಕಿಲೋ ಬೆಟ್ಟೆಯ ದುಡ್ಡು ಹೆಚ್ಚಿಗೆ ಪಾವತಿಯಾಗಿಬಿಟ್ಟಿತ್ತು. ಅಲ್ಲಿ ಎಲ್ಲರಿಗೂ ಒಂದೇ ಯೂಸರ್ ನೇಮ್, ಪಾಸ್‌ವರ್ಡ್ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ಹಾಗಾಗಿ ಯಾರೆಂದು ಹೇಳಲು ಉಳಿದದ್ದು ಲಾಗಿನ ಹೋಸ್ಟ್ ನೇಮ್ ಒಂದೇ. ಅದು ‘ತೂಕ-2’ ಅಂದಿತು. ಎರಡನೇ ಕೌಂಟರಿನ ಹುಡುಗನನ್ನು ಕರೆದು ನಿಲ್ಲಿಸಿದರು. ಅವನು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಮನೆಗೆ ಹೋಗಿ ಮರುದಿನ ಒಂದು ರಶೀದಿ ತಂದು ಮೇಜಿನ ಮೇಲಿಟ್ಟ. ಸಿಡಿಲಿಗೆ ಎಸ್‌ಎಂಪಿಎಸ್ ಸುಟ್ಟು ‘ತೂಕ-2’ ಮೂರು ವಾರದಿಂದ ರಿಪೇರಿ ಅಂಗಡಿಯಲ್ಲಿ ಬಿದ್ದಿತ್ತು! ಬಿಚ್ಚಿಟ್ಟ ಕಂಪ್ಯೂಟರಿನಿಂದ ಎಂಟ್ರಿ ಆದದ್ದು ಹೇಗೆ?

ಆದದ್ದು ಹೀಗೆ. ವಿಂಡೋಸ್ ಸರ್ವರಿನ ಡಿಎಚ್‌ಸಿಪಿ ಒಂದು ಐಪಿಯನ್ನು ಮೊದಲಿಟ್ಟ ಲೆಕ್ಕದಲ್ಲಿ 8 ದಿನಕ್ಕೆ ಬಾಡಿಗೆ ಕೊಡುತ್ತದೆ. ‘ತೂಕ-2’ ಆಫ್ ಆಗಿ ಎಂಟು ದಿನ ಕಳೆದ ಮೇಲೆ ಅದರ ಐಪಿ ಖಾಲಿ ಎಂದು ಲೆಕ್ಕವಾಗಿ ಹೊಸದಾಗಿ ಬಂದ ಒಂದು ಲ್ಯಾಪ್‌ಟಾಪಿಗೆ ಸಿಕ್ಕಿತು. ಆದರೆ ಡಿಎನ್ಎಸ್‌ನ ಪಿಟಿಆರ್ ದಾಖಲೆ ಹಳೇ ಯಂತ್ರದ ಒಡೆತನದಲ್ಲಿತ್ತು. ಕಚೇರಿಯ ವಿಂಡೋಸ್ ಡೊಮೇನಿಗೆ (ಒಂದೇ ಆಡಳಿತದ ಯಂತ್ರಗಳ ಗುಂಪಿಗೆ) ಸೇರದ ಈ ಲ್ಯಾಪ್‌ಟಾಪಿಗೆ ಅದನ್ನು ಅಳಿಸಿ ತನ್ನ ಹೆಸರು ಬರೆಯುವ ಹಕ್ಕಿರಲಿಲ್ಲ. ಹಳೇ ದಾಖಲೆಗಳನ್ನು ಗುಡಿಸುವ ಸ್ಕ್ಯಾವೆಂಜಿಂಗ್ ಎಂಬ ಸೌಲಭ್ಯ ವಿಂಡೋಸ್ ಡಿಎನ್ಎಸ್‌ನಲ್ಲಿದೆ, ಆದರೆ ನೀವಾಗಿ ಆನ್ ಮಾಡಬೇಕು. ಮಾಡಿರಲಿಲ್ಲ. ಮಾಡಿದ್ದರೂ ಅದರ ಮಾಮೂಲು ಗಡುವು 7 ದಿನ ಮತ್ತು 7 ದಿನ, ಅಂದರೆ ಎರಡು ವಾರದ ಮಾತು. ಹೀಗೆ ಲ್ಯಾಪ್‌ಟಾಪಿನಲ್ಲಿ ಯಾರೋ ಹೊಡೆದ ಎಂಟ್ರಿ ರಿಪೇರಿ ಅಂಗಡಿಯಲ್ಲಿದ್ದ ಯಂತ್ರದ ಹೆಸರಿಗೆ ಬಿತ್ತು. ರಶೀದಿ ಇಟ್ಟುಕೊಳ್ಳುವ ಬುದ್ಧಿ ಆ ಹುಡುಗನಿಗೆ ಇಲ್ಲದಿದ್ದರೆ ದುಡ್ಡು ಅವನ ಸಂಬಳದಲ್ಲಿ ಹೋಗುತ್ತಿತ್ತು.

ಮುಖ್ಯ ಕಚೇರಿಗೆ ನೀವು ಮಾಡಬೇಕಾದ್ದು ಇದರಿಂದಲೇ ಗೊತ್ತಾಗುತ್ತದೆ. ತೂಕದ ಕೌಂಟರುಗಳಿಗೆ ಡಿಎಚ್‌ಸಿಪಿಯಲ್ಲಿ ಐಪಿ ಕಾಯ್ದಿರಿಸಿ, ರಿವರ್ಸ್ ಜೋನಿನಲ್ಲಿ ಅವುಗಳ ಪಿಟಿಆರ್ ಅನ್ನು ಕೈಯಲ್ಲೇ ಬರೆಯಿರಿ, ಸ್ಕ್ಯಾವೆಂಜಿಂಗ್ ಆನ್ ಮಾಡಿ. ಯಂತ್ರಗಳ ಹೆಸರು ಈಗ ‘ಡೆಸ್ಕ್‌ಟಾಪ್’ ಎಂದು ಶುರುವಾಗಿ ಮುಂದೆ ಅಡ್ಡಾದಿಡ್ಡಿ ಅಕ್ಷರಗಳಿದ್ದರೆ ಮೊದಲು ಅದನ್ನು ಬದಲಿಸಿ. ಹಾಗೇ ಬಿಟ್ಟರೆ ಚೀಟಿಯ ಮೇಲೆ ಅಚ್ಚಾದರೂ ಓದಿದವನಿಗೆ ಏನೂ ಗೊತ್ತಾಗುವುದಿಲ್ಲ. ಹೊಸ ಹೆಸರು 15 ಅಕ್ಷರದೊಳಗಿರಲಿ, ನೆಟ್‌ಬಯಾಸ್ ಅದಕ್ಕಿಂತ ಉದ್ದ ಒಪ್ಪುವುದಿಲ್ಲ.

ಶಾಖೆಗಳಿಗೂ ಇದೇ ಸುಖ ಬೇಕೆಂದರೆ ರೂಟರಿನಿಂದ ರೂಟರಿಗೆ ವಿಪಿಎನ್ (ಇಂಟರ್ನೆಟ್ಟಿನೊಳಗೇ ಒಂದು ಖಾಸಗಿ ಸುರಂಗ) ಹಾಕಬಹುದು. ವಿಪಿಎನ್ ಒಳಗೆ ನ್ಯಾಟ್ ಮಾಡದಂತೆ ನೋಡಿಕೊಂಡರೆ ತೀರ್ಥಹಳ್ಳಿಯ ನಾಲ್ಕು ಯಂತ್ರ ನಾಲ್ಕು ಐಪಿಯಾಗಿ ಶಿವಮೊಗ್ಗಕ್ಕೆ ಕಾಣುತ್ತವೆ. ಒಂದೇ ತೊಡಕು: ಅಂಗಡಿಯಿಂದ ತಂದ ರೂಟರನ್ನು ಹಾಗೇ ಸಿಕ್ಕಿಸಿರುತ್ತಾರೆ, ಎಲ್ಲ ಶಾಖೆಯಲ್ಲೂ 192.168.1 ಸರಣಿಯೇ ಇರುತ್ತದೆ. ಮೊದಲು ಶಾಖೆಗೊಂದು ಸರಣಿ ಹಂಚಿ, ಆಮೇಲೆ ವಿಪಿಎನ್. ಹೊಸನಗರದ ಸಿಮ್ ರೂಟರಿಗೆ ಹೊರಗಿನಿಂದ ಕರೆ ಬರಲು ಆಗುವುದಿಲ್ಲ, ಆದ್ದರಿಂದ ಅಲ್ಲಿಂದಲೇ ಶಿವಮೊಗ್ಗಕ್ಕೆ ಕರೆ ಹೋಗುವಂತೆ ಕಟ್ಟಬೇಕು. ವಿಪಿಎನ್ ಇನ್ನೊಂದು ಕಾರಣಕ್ಕೂ ಒಳ್ಳೆಯದು: ತೂಕದ ಸಾಫ್ಟ್‌ವೇರನ್ನು ಇಡೀ ಲೋಕಕ್ಕೆ ತೆರೆದಿಡುವ ಅಗತ್ಯ ತಪ್ಪುತ್ತದೆ.

ಇಷ್ಟಾದರೂ ಐಪಿ, ಪಿಟಿಆರ್ ನಂಬಿ ಒಬ್ಬರ ಮೇಲೆ ತಪ್ಪು ಹೊರಿಸಲು ನಾನು ಒಪ್ಪುವುದಿಲ್ಲ. ಹೋಸ್ಟ್ ನೇಮ್ ಬೇಕೆನ್ನುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಬೇಕಾದ್ದು ಮನುಷ್ಯನ ಹೆಸರು. ಕಾರ್ಯದರ್ಶಿಗಳನ್ನು ಒಮ್ಮೆ ಕೂರಿಸಿಕೊಂಡು ಕೇಳಿ: ‘ಸಾರ್, ಯಾವ ಯಂತ್ರ ಅಂತ ಗೊತ್ತಾದ ಮೇಲೆ ನೀವು ಏನು ಮಾಡ್ತೀರಿ?’ ‘ಅಲ್ಲಿ ಕೂತವನನ್ನು ಕರೆದು ಕೇಳ್ತೀನಿ’ ಎಂಬ ಉತ್ತರ ಬಂದರೆ ಮೊದಲು ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಡಿಸಿ. ಅದೇ ಅರ್ಧ ಕೆಲಸ. ಉಳಿದರ್ಧಕ್ಕೆ, ಅಂದರೆ ಯಾವ ಕೌಂಟರ್ ಎಂಬುದಕ್ಕೆ, ಹೆಸರನ್ನು ನೀವೇ ಇಡಿ.

ಹೆಸರಿಡುವ ವಿಧಾನ ಸುಲಭ. ‘ಕೌಂಟರ್ ನೋಂದಣಿ’ ಎಂದು ಒಂದು ಪುಟ ಮಾಡಿ, ಮೇಲ್ವಿಚಾರಕರಿಗೆ ಮಾತ್ರ ತೆರೆಯುವಂತೆ. ಅವರು ತೀರ್ಥಹಳ್ಳಿಗೆ ಹೋದಾಗ ಆ ಯಂತ್ರದ ಮುಂದೆ ಕೂತು ಲಾಗಿನ್ ಆಗಿ ಪಟ್ಟಿಯಿಂದ ‘ತೀರ್ಥಹಳ್ಳಿ, ತೂಕ 1’ ಆರಿಸುತ್ತಾರೆ. ಸರ್ವರ್ ಒಂದು ಗುಪ್ತ ಸಂಖ್ಯೆ ಹುಟ್ಟಿಸುತ್ತದೆ. ಮಾಮೂಲು ರ‍್ಯಾಂಡಮ್ ಕ್ಲಾಸಿನಿಂದಲ್ಲ, ರ‍್ಯಾಂಡಮ್‌ನಂಬರ್‌ಜನರೇಟರ್ ಬಳಸಿ 16 ಬೈಟ್. ಅದನ್ನು ಕುಕೀಯಾಗಿ ಆ ಬ್ರೌಸರಿನಲ್ಲಿಟ್ಟು, ಡೇಟಾಬೇಸಿನಲ್ಲಿ ಅದರ ಎಸ್‌ಎಚ್‌ಎ-256 ಹ್ಯಾಶ್ (ಮೂಲಕ್ಕೆ ತಿರುಗಿಸಲಾಗದ ಗುರುತು) ಮಾತ್ರ ಇಟ್ಟುಕೊಳ್ಳಿ. ಕುಕೀಗೆ ಎಚ್‌ಟಿಟಿಪಿ ಓನ್ಲಿ, ಸೆಕ್ಯೂರ್ ಎಂಬ ಎರಡು ರಕ್ಷಣೆಯೂ ಇರಲಿ. ಕ್ರೋಮ್ 2022ರಿಂದ ಯಾವ ಕುಕೀಯನ್ನೂ 400 ದಿನಕ್ಕಿಂತ ಹೆಚ್ಚು ಇಡುವುದಿಲ್ಲ, ಆದ್ದರಿಂದ ಪ್ರತಿ ಲಾಗಿನ್‌ನಲ್ಲೂ ಗಡುವನ್ನು ಮುಂದೂಡಿ. ಇದಾದ ಮೇಲೆ ಐಪಿ ಬದಲಾಗಲಿ, ಸಿಮ್ ಬದಲಾಗಲಿ, ರೂಟರ್ ಸುಟ್ಟು ಹೊಸದು ಬರಲಿ, ‘ತೂಕ 1’ ತೂಕ 1 ಆಗಿಯೇ ಇರುತ್ತದೆ.

ಇದರ ದೌರ್ಬಲ್ಯವೂ ಗೊತ್ತಿರಲಿ. ಕುಕೀ ಇರುವುದು ಯಂತ್ರದಲ್ಲಲ್ಲ, ಬ್ರೌಸರಿನ ಒಂದು ಪ್ರೊಫೈಲಿನಲ್ಲಿ. ಕ್ರೋಮ್ ಬಿಟ್ಟು ಫೈರ್‌ಫಾಕ್ಸ್ ತೆಗೆದರೆ ಇಲ್ಲ. ‘ಕಂಪ್ಯೂಟರ್ ಸ್ಲೋ ಆಗಿದೆ’ ಎಂದು ಯಾರೋ ಕ್ಲೀನರ್ ಓಡಿಸಿದರೆ ಹೋಯಿತು. ಕುಕೀ ಇಲ್ಲದಾಗ ಎಂಟ್ರಿ ತಡೆಯಬೇಡಿ. ಸೀಸನ್ನಿನಲ್ಲಿ ತೂಕ ನಿಂತರೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ‘ನೋಂದಣಿ ಇಲ್ಲ’ ಎಂದು ದಾಖಲಿಸಿ ಮುಂದೆ ಬಿಡಿ, ಸಂಜೆಯ ವರದಿಯಲ್ಲಿ ಅವನ್ನು ಬೇರೆಯಾಗಿ ತೋರಿಸಿ.

ಇನ್ನೂ ಬಿಗಿ ಬೇಕೆಂದರೆ ಕ್ಲೈಂಟ್ ಸರ್ಟಿಫಿಕೇಟ್. ಪ್ರತಿ ಯಂತ್ರಕ್ಕೂ ನಿಮ್ಮದೇ ಸಹಿಯ ಒಂದು ಸರ್ಟಿಫಿಕೇಟ್ ಹಾಕಿ, ಕೀಲಿ ಹೊರತೆಗೆಯಲು ಬಾರದಂತೆ ಇಟ್ಟರೆ ಸುರಕ್ಷಿತ ಸಂಪರ್ಕ ಕಟ್ಟುವ ಟಿಎಲ್‌ಎಸ್ ಮಾತುಕತೆಯಲ್ಲೇ ಯಂತ್ರ ತನ್ನ ಗುರುತನ್ನು ಸಾಬೀತು ಮಾಡುತ್ತದೆ. ಬ್ಯಾಂಕಿಗಾದರೆ ಇದನ್ನೇ ಹೇಳುತ್ತಿದ್ದೆ. ನಾಲ್ಕು ಕಡೆ ಹತ್ತು ಹದಿನೈದು ಯಂತ್ರ ಇರುವ ಸಂಘದಲ್ಲಿ, ಸರ್ಟಿಫಿಕೇಟಿನ ಗಡುವು ಮುಗಿದ ದಿನ ಹೊಸನಗರಕ್ಕೆ ಯಾರು ಹೋಗುತ್ತಾರೆ ಎಂದು ಮೊದಲು ಯೋಚಿಸಿ.

ನಿಮಗೆ ಯಾರಾದರೂ ಸಲಹೆ ಕೊಡಬಹುದಾದ ಎರಡು ಅಡ್ಡದಾರಿಗಳಿವೆ. ಒಂದು ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕ್ ಕಾರ್ಡಿನ ಸಂಖ್ಯೆ: ಅದು ಮೊದಲ ರೂಟರ್ ದಾಟಿ ಬರುವುದೇ ಇಲ್ಲ, ಬ್ರೌಸರೂ ಕೊಡುವುದಿಲ್ಲ. ಇನ್ನೊಂದು ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಆಕ್ಟಿವ್‌ಎಕ್ಸ್ ತಂತ್ರ. ಡಬ್ಲ್ಯೂಸ್ಕ್ರಿಪ್ಟ್ ಡಾಟ್ ನೆಟ್‌ವರ್ಕ್ ಎಂಬ ಆಬ್ಜೆಕ್ಟ್ ನಿಜಕ್ಕೂ ಕಂಪ್ಯೂಟರಿನ ಹೆಸರು ಕೊಡುತ್ತಿತ್ತು. 2022ರ ಜೂನಿನಲ್ಲಿ ಎಕ್ಸ್‌ಪ್ಲೋರರ್ ನಿವೃತ್ತಿಯಾಯಿತು. ಅದಕ್ಕಾಗಿ ಭದ್ರತೆಯ ಸೆಟ್ಟಿಂಗ್ ಸಡಿಲಿಸಿಟ್ಟ ಯಂತ್ರಗಳು ಇನ್ನೂ ಎಲ್ಲಾದರೂ ಇದ್ದರೆ ಸರಿಪಡಿಸಿ.

ಭದ್ರತೆಯ ಮಾತು ಬಂದಾಗ ಮೂರು ಎಚ್ಚರಿಕೆ, ಬೇಗ ಹೇಳಿ ಮುಗಿಸುತ್ತೇನೆ. ಸರ್ವರಿನ ಮುಂದೆ ಎನ್‌ಜಿನ್‌ಎಕ್ಸ್‌ನಂಥ ಪ್ರಾಕ್ಸಿ (ನಡುವೆ ನಿಂತು ಕೋರಿಕೆ ದಾಟಿಸುವ ಪ್ರೋಗ್ರಾಂ) ಇಟ್ಟರೆ ನಿಮ್ಮ ಕೋಡಿಗೆ ಎಲ್ಲರ ಐಪಿಯೂ ಪ್ರಾಕ್ಸಿಯದ್ದೇ ಆಗಿ ಕಾಣುತ್ತದೆ. ಅಸಲಿ ಐಪಿ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರಿನಲ್ಲಿ ಬರುತ್ತದೆ, ಆದರೆ ಆ ಹೆಡರನ್ನು ಯಾರು ಬೇಕಾದರೂ ತುಂಬಿ ಕಳಿಸಬಹುದು. ನಿಮ್ಮ ಪ್ರಾಕ್ಸಿ ಸೇರಿಸಿದ ಬಲತುದಿಯದ್ದನ್ನು ಮಾತ್ರ ನಂಬಿ. ಎರಡನೆಯದು, ತನ್ನ ಐಪಿ ಸರಣಿಯ ಪಿಟಿಆರ್‌ನಲ್ಲಿ ಯಾರು ಯಾವ ಹೆಸರನ್ನಾದರೂ ಬರೆಯಬಹುದು. ಹೆಸರನ್ನು ನಂಬಿ ಬಾಗಿಲು ತೆರೆಯುವುದಾದರೆ ಸಿಕ್ಕ ಹೆಸರನ್ನು ಮತ್ತೆ ಮುಂದಕ್ಕೆ ಹುಡುಕಿ ಅದೇ ಐಪಿ ಬರುತ್ತದೆಯೇ ನೋಡಬೇಕು. ಬಂದದ್ದು ಗೂಗಲ್ಲಿನ ಕ್ರಾಲರ್ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಗೂಗಲ್ಲೇ ಹೇಳಿಕೊಡುವ ವಿಧಾನ ಇದು. ರಿವರ್ಸ್ ಲುಕಪ್ ನಿಜವಾಗಿ ಉಪಯೋಗಕ್ಕೆ ಬರುವ ಕೆಲವೇ ಜಾಗಗಳಲ್ಲಿ ಇದೂ ಒಂದು. ಮೂರನೆಯದು, ಆ ಹೆಸರನ್ನು ಪುಟದ ಮೇಲೆ ತೋರಿಸುವ ಮುಂಚೆ ಎಚ್‌ಟಿಎಂಎಲ್ ಎನ್‌ಕೋಡ್ ಮಾಡಿ. ಹೊರಗಿನವನು ಬರೆದ ಅಕ್ಷರ ಅದು, ಫಾರ್ಮಿನಲ್ಲಿ ಟೈಪ್ ಮಾಡಿದ್ದಕ್ಕೆ ಎಷ್ಟು ಮಡಿಯೋ ಇದಕ್ಕೂ ಅಷ್ಟೇ.

ಲಾಗಿನಲ್ಲಿ ಕೌಂಟರಿನ ಹೆಸರು, ಲಾಗಿನ್ ಹೆಸರು, ಐಪಿ, ಸಮಯದ ಜೊತೆ ಕ್ಲೈಂಟಿನ ಪೋರ್ಟ್ ನಂಬರನ್ನೂ ಬರೆದಿಡಿ. ಒಂದೇ ಐಪಿಯ ಹಿಂದೆ ನೂರಾರು ಜನ ಇರುವಾಗ ಕಂಪನಿಯವರಿಗೆ ಗಿರಾಕಿಯನ್ನು ಬೇರ್ಪಡಿಸಲು ಪೋರ್ಟ್ ಮತ್ತು ಸರಿಯಾದ ಸಮಯ ಎರಡೂ ಬೇಕು; 2011ರ ಆರ್‌ಎಫ್‌ಸಿ 6302 ಇದನ್ನೇ ಹೇಳುತ್ತದೆ. ಮುಂದೆ ಯಾವಾಗಲಾದರೂ ಪೊಲೀಸರ ತನಕ ಹೋಗುವ ಪ್ರಸಂಗ ಬಂದರೆ ಉಪಯೋಗಕ್ಕೆ ಬರುವುದು ಇವು.

ಇನ್ನೊಂದು ಮಾತು ನಿಮ್ಮ ಪ್ರಶ್ನೆಯಲ್ಲಿಲ್ಲ, ಆದರೆ ಕೇಳಲೇಬೇಕು: ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ನಿಮ್ಮ ಪುಟಕ್ಕೆ ಬರುವುದು ಹೇಗೆ? ಹುಡುಗರು ನೋಡಿ ಟೈಪ್ ಮಾಡುತ್ತಿದ್ದರೆ 46 ಯಾವತ್ತಾದರೂ 64 ಆಗಿಯೇ ಆಗುತ್ತದೆ. ಸೀರಿಯಲ್ ಕೇಬಲ್ಲಿನಿಂದ ತೂಕ ಓದುವ ಒಂದು ಸಣ್ಣ ಪ್ರೋಗ್ರಾಂ ಆ ಯಂತ್ರದಲ್ಲಿ ಹಾಕಿದ್ದರೆ, ಅಥವಾ ಹಾಕಲು ಮನಸ್ಸಿದ್ದರೆ, ನಿಮ್ಮ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಅದು ಓಡುವುದು ಕೌಂಟರಿನ ಯಂತ್ರದಲ್ಲಿ. ಅಲ್ಲಿ ಎನ್ವಿರಾನ್‌ಮೆಂಟ್ ಡಾಟ್ ಮೆಷಿನ್‌ನೇಮ್ ಕೇಳಿದರೆ ಕೌಂಟರಿನ ಹೆಸರೇ ಬರುತ್ತದೆ. ತೂಕದ ಜೊತೆ ಆ ಹೆಸರನ್ನೂ ಸೇರಿಸಿ, ಕೌಂಟರಿಗೊಂದು ಕೀಲಿಯಿಂದ ಎಚ್‌ಮ್ಯಾಕ್ (ನಡುವೆ ತಿದ್ದಿದರೆ ಗೊತ್ತಾಗುವ ಮುದ್ರೆ) ಹಾಕಿ ಸರ್ವರಿಗೆ ಕಳಿಸಿ. ನೀವು ಮೊದಲ ದಿನ ಬರೆದ ಸಾಲು ತಪ್ಪಾದದ್ದು ಅದು ಕೂತ ಜಾಗದಿಂದ. ಇಲ್ಲಿಗೆ ತಂದು ಕೂರಿಸಿದರೆ ಒಂದಕ್ಷರವನ್ನೂ ಬದಲಿಸಬೇಕಿಲ್ಲ.

ಚೀಟಿಯ ಮೇಲೆ ‘ಕಂಪ್ಯೂಟರ್ ಹೆಸರು’ ಎಂದಿರುವ ಕಡೆ ‘ಕೌಂಟರ್’ ಎಂದು ಮಾಡಿ. ಇಷ್ಟು ದಿನ ಸರ್ವರಿನ ಹೆಸರಿನಲ್ಲಿ, ಬರೀ ಐಪಿಯಲ್ಲಿ ದಾಖಲಾದ ಹಳೇ ಎಂಟ್ರಿಗಳಿಗೆ ಈಗ ಕೂತು ಊಹೆಯ ಮೇಲೆ ಕೌಂಟರಿನ ಹೆಸರು ತುಂಬಲು ಹೋಗಬೇಡಿ. ಆ ಜಾಗ ಖಾಲಿ ಬಿಟ್ಟು, ಹೊಸ ಪದ್ಧತಿ ಶುರುವಾದ ತಾರೀಖನ್ನು ಒಂದು ಕಡೆ ಬರೆದು ಕಾರ್ಯದರ್ಶಿಗಳ ಸಹಿ ಹಾಕಿಸಿಕೊಳ್ಳಿ.